ಟೆಕ್ಸಾಸ್ ರೇಂಜರ್‌ಗಳ ಬಗ್ಗೆ ಏಳನೇ ತರಗತಿಯ ಮಗಳಿಗೆ ಏನು ಹೇಳಬೇಕು?

ಪ್ರಶ್ನೆ: ಬ್ರಾಜೋಸ್ ದಾರಿಹೋಕ

ಎಲ್ಲರಿಗೂ ನಮಸ್ಕಾರ. ಡಾಲಸ್ ಸಮೀಪದ ಊರೊಂದರಲ್ಲಿ ನಾವು ಒಂಬತ್ತು ವರ್ಷಗಳಿಂದ ನೆಲೆಸಿದ್ದೇವೆ. ಇಲ್ಲಿಯ ಶಾಲೆಗಳಲ್ಲಿ ಟೆಕ್ಸಾಸ್ ರಾಜ್ಯದ ಚರಿತ್ರೆಯನ್ನು ನಾಲ್ಕನೇ ತರಗತಿಯಲ್ಲೊಮ್ಮೆ, ಏಳನೇ ತರಗತಿಯಲ್ಲಿ ಮತ್ತೊಮ್ಮೆ ಕಲಿಸುತ್ತಾರೆ. ನನ್ನ ಮಗಳು ಈಗ ಆ ಎರಡನೆಯ ಸುತ್ತಿನಲ್ಲಿದ್ದು, ಟೆಕ್ಸಾಸ್ ರೇಂಜರ್‌ಗಳು ಎಂಬ ಇಲ್ಲಿನ ಹಳೆಯ ಪೊಲೀಸ್ ಪಡೆಯ ಬಗ್ಗೆ ಪ್ರಬಂಧ ಬರೆಯಬೇಕಾಗಿದೆ. ಕಳೆದ ತಿಂಗಳು ಆಸ್ಟಿನ್‌ಗೆ ಹೋಗುವಾಗ ವೇಕೊ ನಗರದಲ್ಲಿ ಬ್ರಾಜೋಸ್ ನದಿಯ ಬಳಿ ಇರುವ ಅವರ ವಸ್ತುಸಂಗ್ರಹಾಲಯಕ್ಕೂ ಅವಳನ್ನು ಕರೆದುಕೊಂಡು ಹೋಗಿದ್ದೆ. ಸಾಲುಸಾಲಾಗಿ ಇಟ್ಟ ರಿವಾಲ್ವರ್‌ಗಳು, ಅಗಲ ಅಂಚಿನ ಟೋಪಿಗಳು, ಬೆಳ್ಳಿಯ ಬಿಲ್ಲೆಗಳು, ಇವನ್ನೆಲ್ಲ ನೋಡಿ ಬಹಳ ಸಂತೋಷಪಟ್ಟಳು.

ಅವಳ ತರಗತಿಯಲ್ಲಿ ಮೆಕ್ಸಿಕೊ ಗಡಿಯ ರಿಯೊ ಗ್ರಾಂಡೆ ನದಿಯ ಕಣಿವೆಯ ಕಡೆಯ ಕುಟುಂಬದ ಹುಡುಗನೊಬ್ಬನಿದ್ದಾನೆ. ಅವನ ಮನೆಯಲ್ಲಿ ರೇಂಜರ್‌ಗಳನ್ನು 'ರಿಂಚೆ' ಎನ್ನುತ್ತಾರಂತೆ, ಅದು ಬೈಗುಳವಂತೆ, ಅವನ ಅಜ್ಜಿ ಚಿಕ್ಕವಳಿದ್ದಾಗ ಹಟ ಮಾಡಿದರೆ 'ರಿಂಚೆ ಬರುತ್ತಾನೆ' ಎಂದು ಹೆದರಿಸುತ್ತಿದ್ದರಂತೆ. ಇದನ್ನು ಕೇಳಿಕೊಂಡು ಬಂದ ಮಗಳು ಯಾವುದು ನಿಜ ಎಂದು ನನ್ನನ್ನು ಕೇಳಿದಾಗ ಉತ್ತರ ಹೊಳೆಯಲಿಲ್ಲ.

ಈ ಪಡೆ ಮೊದಲು ಒಳ್ಳೆಯದಾಗಿದ್ದು ಆಮೇಲೆ ಕೆಟ್ಟಿತೇ, ಅಥವಾ ಒರಟಾಗಿ ಹುಟ್ಟಿ ಕ್ರಮೇಣ ಸುಧಾರಿಸಿತೇ? ಇನ್ನೊಂದು ಸಣ್ಣ ಪ್ರಶ್ನೆಯೂ ಇದೆ: ಡಾಲಸ್‌ನ ಲವ್ ಫೀಲ್ಡ್ ವಿಮಾನ ನಿಲ್ದಾಣದಲ್ಲಿದ್ದ ರೇಂಜರ್ ಪ್ರತಿಮೆಯನ್ನು 2020ರಲ್ಲಿ ತೆಗೆದದ್ದು ಏಕೆ?

ಉತ್ತರ 1: ಹಳೆಯ ಕಡತ

ಮೊದಲ ಪ್ರಶ್ನೆಗೆ ಮಾತ್ರ ಈಗ ಉತ್ತರಿಸುತ್ತೇನೆ. ಒಳ್ಳೆಯ ಕಾಲ, ಕೆಟ್ಟ ಕಾಲ ಎಂದು ಭಾಗ ಮಾಡಲು ಹೊರಟರೆ ಈ ಚರಿತ್ರೆ ಕೈಗೆ ಸಿಕ್ಕುವುದಿಲ್ಲ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಆರಂಭದ ದಿನಗಳಲ್ಲೇ ಕಾಯುವ ಕೆಲಸವನ್ನೂ ಒಕ್ಕಲೆಬ್ಬಿಸುವ ಕೆಲಸವನ್ನೂ ಅದೇ ಸವಾರರು ಅದೇ ಕುದುರೆಗಳ ಮೇಲೆ ಕುಳಿತು ಮಾಡುತ್ತಿದ್ದರು.

ಟೆಕ್ಸಾಸ್ ಇನ್ನೂ ಮೆಕ್ಸಿಕೊಕ್ಕೆ ಸೇರಿದ್ದ 1823ರಲ್ಲಿ, ಅಲ್ಲಿಗೆ ಅಮೆರಿಕದ ವಲಸೆಗಾರರನ್ನು ಕರೆತಂದಿದ್ದ ಸ್ಟೀಫನ್ ಆಸ್ಟಿನ್ ತನ್ನ ವಸಾಹತಿನ ಸುತ್ತ ಗಸ್ತು ತಿರುಗಲು ಹತ್ತು ಜನರನ್ನು ಸ್ವಂತ ಖರ್ಚಿನಲ್ಲಿ ಇಟ್ಟುಕೊಳ್ಳುವ ಮಾತನ್ನು ಬರೆದಿಟ್ಟ. ರೇಂಜರ್ ಎಂಬ ಹೆಸರಿಗೆ ಇಲ್ಲಿ ಗಸ್ತಿನವನು ಎಂದೇ ಅರ್ಥ. 1835ರಲ್ಲಿ, ಮೆಕ್ಸಿಕೊದ ವಿರುದ್ಧ ದಂಗೆ ಎದ್ದ ಹೊತ್ತಿನಲ್ಲಿ, ಅದು ಅಧಿಕೃತ ಪಡೆಯಾಯಿತು. ಸಮವಸ್ತ್ರವಿರಲಿಲ್ಲ, ಕುದುರೆಯನ್ನು ಸವಾರನೇ ತರಬೇಕಾಗಿತ್ತು. ಕೆಲವು ತಿಂಗಳಿಗೆ ಸೇರಿ, ಸಂಬಳ ನಿಂತಾಗ ಹೊಲಕ್ಕೆ ಮರಳುವವರೇ ಹೆಚ್ಚು. ಇಂಥ ಗುಂಪನ್ನು ಹಿಡಿದಿಟ್ಟದ್ದು ಕಾನೂನಿನ ಪುಸ್ತಕವಲ್ಲ, ಕ್ಯಾಪ್ಟನ್‌ನ ವರ್ಚಸ್ಸು. ಇದನ್ನು ನೆನಪಿನಲ್ಲಿಡಿ; ಮುಂದಿನ ಎಲ್ಲದಕ್ಕೂ ಇದು ಬೇಕಾಗುತ್ತದೆ.

ಅವರ ಕೀರ್ತಿ ಸುಳ್ಳಲ್ಲ. ಮೂಲನಿವಾಸಿಗಳಾದ ಕೊಮಾಂಚಿ ಪಂಗಡದ ಸವಾರನು ಓಡುವ ಕುದುರೆಯ ಮೇಲಿಂದ, ಎದುರಿನವನು ತನ್ನ ಕೋವಿಗೆ ಒಮ್ಮೆ ಮದ್ದು ತುಂಬುವಷ್ಟರಲ್ಲಿ, ಹಲವು ಬಾಣಗಳನ್ನು ಬಿಡಬಲ್ಲವನಾಗಿದ್ದನು. 1844ರ ಜೂನ್‌ನಲ್ಲಿ ವಾಕರ್ಸ್ ಕ್ರೀಕ್ ಎಂಬಲ್ಲಿ ಜಾಕ್ ಹೇಸ್ ಎಂಬ ಕ್ಯಾಪ್ಟನ್ ಹದಿನೈದರ ಆಸುಪಾಸಿನ ಜನರೊಂದಿಗೆ, ತನಗಿಂತ ಹಲವು ಪಟ್ಟು ದೊಡ್ಡ ಕೊಮಾಂಚಿ ಗುಂಪನ್ನು ಐದು ಗುಂಡಿನ ಕೋಲ್ಟ್ ರಿವಾಲ್ವರ್‌ಗಳಿಂದ ಎದುರಿಸಿ ಗೆದ್ದನು. ಆ ಅನುಭವದಿಂದಲೇ ಸ್ಯಾಮ್ಯುಯೆಲ್ ವಾಕರ್ ಎಂಬ ರೇಂಜರ್ ಕೋಲ್ಟ್‌ಗೆ ಸಲಹೆ ಕೊಟ್ಟು, 1847ರಲ್ಲಿ ಆರು ಗುಂಡಿನ ಭಾರಿ ರಿವಾಲ್ವರ್ ತಯಾರಾಯಿತು. ನೀವು ವೇಕೊದಲ್ಲಿ ನೋಡಿದ ಸಾಲುಗಳಲ್ಲಿ ಅದರ ಜಾತಿಯವು ಇದ್ದೇ ಇರುತ್ತವೆ.

ಆದರೆ ಅದೇ ವರ್ಷಗಳ ಇನ್ನೊಂದು ಘಟನೆಯನ್ನು ನೋಡಿ. 1858ರಲ್ಲಿ ಜಾನ್ 'ರಿಪ್' ಫೋರ್ಡ್ ಎಂಬ ಕ್ಯಾಪ್ಟನ್ ಕೆಂಪು ನದಿಯನ್ನು ದಾಟಿ ಕೊಮಾಂಚಿಗಳ ನೆಲೆಗೇ ನುಗ್ಗಿದಾಗ, ಅವನ ಸುಮಾರು ನೂರು ರೇಂಜರ್‌ಗಳ ಜೊತೆಗೆ ಅಷ್ಟೇ ಸಂಖ್ಯೆಯ ಮೂಲನಿವಾಸಿ ಯೋಧರೂ ಇದ್ದರು. ಬ್ರಾಜೋಸ್ ದಂಡೆಯ ಮೀಸಲು ನೆಲದಲ್ಲಿ ಬೇಸಾಯ ಮಾಡಿಕೊಂಡಿದ್ದ ಟೊಂಕವಾ, ಕ್ಯಾಡೊ ಮೊದಲಾದ ಪಂಗಡಗಳವರು ಅವರು. ದಾರಿ ತೋರಿಸಿದವರೂ ಅವರೇ, ಜೊತೆಯಲ್ಲಿ ಕಾದಾಡಿದವರೂ ಅವರೇ. ಮರುವರ್ಷ, 1859ರಲ್ಲಿ, ಬಿಳಿಯ ನೆರೆಹೊರೆಯವರ ಒತ್ತಾಯಕ್ಕೆ ಆ ಮೀಸಲು ನೆಲವನ್ನೇ ಮುಚ್ಚಿ, ಅವರೆಲ್ಲರನ್ನೂ ಟೆಕ್ಸಾಸ್‌ನಿಂದ ಹೊರಗೆ ಸಾಗಿಸಲಾಯಿತು. ಅವರನ್ನು ಸುರಕ್ಷಿತವಾಗಿ ಗಡಿ ದಾಟಿಸಿ ಹಿಂದಿರುಗಿದ ಸರ್ಕಾರಿ ಅಧಿಕಾರಿ ರಾಬರ್ಟ್ ನೇಬರ್ಸ್‌ನನ್ನು, ಮೂಲನಿವಾಸಿಗಳ ಪಕ್ಷ ವಹಿಸಿದ್ದಕ್ಕಾಗಿ ಫೋರ್ಟ್ ಬೆಲ್‌ನ್ಯಾಪ್‌ನಲ್ಲಿ ಗುಂಡಿಟ್ಟು ಕೊಂದರು. ಇಪ್ಪತ್ತು ವರ್ಷ ಹಿಂದೆ, 1839ರಲ್ಲಿ, ಚೆರೊಕಿಗಳನ್ನು ಪೂರ್ವ ಟೆಕ್ಸಾಸ್‌ನಿಂದ ಓಡಿಸಿದಾಗಲೂ ರೇಂಜರ್‌ಗಳು ಜೊತೆಗಿದ್ದರು. 1855ರಲ್ಲಿ ಕ್ಯಾಲಹನ್ ಎಂಬ ಕ್ಯಾಪ್ಟನ್ ರಿಯೊ ಗ್ರಾಂಡೆ ದಾಟಿ ಪಿಯೆದ್ರಾಸ್ ನೆಗ್ರಾಸ್ ಎಂಬ ಮೆಕ್ಸಿಕೊದ ಊರಿಗೆ ಬೆಂಕಿ ಹಚ್ಚಿದನು. ಹೇಳಿಕೊಂಡ ಕಾರಣ ಅಪಾಚಿ ಗುಂಪೊಂದರ ಬೆನ್ನಟ್ಟುವಿಕೆ, ಆದರೆ ತಪ್ಪಿಸಿಕೊಂಡು ನದಿ ದಾಟಿದ್ದ ಕರಿಯ ಗುಲಾಮರನ್ನು ಹಿಡಿದು ತರುವ ಆಸೆಯೂ ಆ ದಂಡಯಾತ್ರೆಯ ಹಿಂದೆ ಇತ್ತು.

1874ರಲ್ಲಿ ಜಾನ್ ಜೋನ್ಸ್ ಎಂಬ ಮೇಜರ್ ಕೈಕೆಳಗೆ, ತಲಾ 75 ಜನರ ಆರು ತುಕಡಿಗಳಾಗಿ ಈ ಪಡೆ ಹೊಸ ರೂಪ ಪಡೆಯಿತು. ಮೂಲನಿವಾಸಿಗಳ ಜೊತೆಗಿನ ಕದನ ಬೇಗನೆ ಮುಗಿಯುತ್ತಾ ಬಂದದ್ದರಿಂದ, ದನಗಳ್ಳರು, ರೈಲು ದರೋಡೆಕೋರರು, ತಲೆಮರೆಸಿಕೊಂಡ ಕೊಲೆಗಾರರು ಅವರ ಪಾಲಿಗೆ ಬಂದರು. ಪೊಲೀಸ್ ಕೆಲಸ ಎನ್ನಬಹುದಾದದ್ದು ಶುರುವಾದದ್ದು ಇಲ್ಲಿಂದ. ಅದರ ಬಗ್ಗೆ ಚಿತ್ರಗಳೂ ಕಥೆಗಳೂ ಸಾಕಷ್ಟಿವೆ. ನಾನು ಸೇರಿಸಬೇಕಾದ್ದೇನೂ ಇಲ್ಲ.

ಉತ್ತರ 2: ರಿಯೊ ದಂಡೆಯವಳು

ಮೇಲಿನವರು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತೇನೆ. ಕಣಿವೆಯ ಊರೊಂದರಲ್ಲಿ ಹನ್ನೆರಡು ವರ್ಷ ಪಾಠ ಹೇಳಿದವಳು ನಾನು. 'ರಿಂಚೆ' ಎಂಬ ಮಾತನ್ನು ಅಲ್ಲಿ ನಾನೂ ಕೇಳಿದ್ದೇನೆ. ರೇಂಜರ್ ಎಂಬ ಶಬ್ದವೇ ಸ್ಪ್ಯಾನಿಷ್ ನಾಲಗೆಯಲ್ಲಿ ಹೀಗೆ ಸವೆದದ್ದು. ಕಾಲಕ್ರಮದಲ್ಲಿ ಬಂದೂಕು ಹಿಡಿದು ಬಾಗಿಲಿಗೆ ಬಂದ ಯಾವ ಬಿಳಿಯ ಅಧಿಕಾರಿಗೂ ಅದೇ ಹೆಸರಾಯಿತು.

ಗ್ರೆಗೊರಿಯೊ ಕೊರ್ತೆಸ್‌ನ ಪ್ರಕರಣವನ್ನು ನಿಮ್ಮ ಮಗಳಿಗೆ ಹೇಳಿ. 1901ರ ಜೂನ್ 12ರಂದು ಕಾರ್ನ್ಸ್ ಕೌಂಟಿಯ ಶೆರಿಫ್, ಎಂದರೆ ಆ ಜಿಲ್ಲೆಯ ಪೊಲೀಸ್ ಮುಖ್ಯಸ್ಥ, ಕುದುರೆ ಕಳವಿನ ವಿಚಾರಣೆಗೆಂದು ಅವನ ಮನೆಗೆ ಬಂದನು. ಜೊತೆಗಿದ್ದ ದುಭಾಷಿಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೆ. 'ಗಂಡುಕುದುರೆ ಕೊಂಡೆಯಾ' ಎಂದು ಅವನು ಕೇಳಿದನು. ಹೆಣ್ಣುಕುದುರೆ ಪಡೆದಿದ್ದ ಕೊರ್ತೆಸ್ 'ಇಲ್ಲ' ಎಂದನು. ಎತ್ತು ಕೊಂಡೆಯಾ ಎಂದು ಕೇಳಿದರೆ ಹಸು ಕೊಂಡ ನಮ್ಮ ರೈತನೂ ಇಲ್ಲ ಎಂದೇ ಹೇಳುತ್ತಾನಲ್ಲವೇ? ಶೆರಿಫ್‌ಗೆ ಅದು ಸುಳ್ಳಾಗಿ ಕೇಳಿಸಿತು. ಮಾತು ಬೆಳೆದು ಶೆರಿಫ್ ಕೊರ್ತೆಸ್‌ನ ಅಣ್ಣನ ಮೇಲೆ ಗುಂಡು ಹಾರಿಸಿದನು, ಕೊರ್ತೆಸ್ ಶೆರಿಫ್‌ನನ್ನು ಕೊಂದನು. ಮುಂದಿನ ಹತ್ತು ದಿನ ನೂರಾರು ಜನ ಅವನ ಬೆನ್ನು ಹತ್ತಿದರು. ಕೊನೆಗೆ ಲಾರೆಡೊ ಹತ್ತಿರ ಅವನನ್ನು ಹಿಡಿದವನು ಒಬ್ಬ ರೇಂಜರ್ ಕ್ಯಾಪ್ಟನ್. ಒಂದು ಗುಂಡೂ ಹಾರದೆ, ಜೀವಂತವಾಗಿ ಹಿಡಿದನು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. 1913ರಲ್ಲಿ ರಾಜ್ಯಪಾಲರು ಕೊರ್ತೆಸ್‌ಗೆ ಕ್ಷಮಾದಾನ ಕೊಟ್ಟರು. ಗಡಿಯ ಜನ ಅವನ ಮೇಲೆ 'ಕೊರಿದೊ' ಕಟ್ಟಿ ಹಾಡಿದರು. ನಮ್ಮ ಲಾವಣಿಯ ಹಾಗಿನ ಹಾಡು ಅದು. 1857ರ ಹಲಗಲಿಯ ಬೇಡರು ಬ್ರಿಟಿಷರ ಕಡತದಲ್ಲಿ ದಂಗೆಕೋರರು, ಲಾವಣಿಯಲ್ಲಿ ವೀರರು. ಅದನ್ನು ಬಲ್ಲ ನಮಗೆ ಈ ಎರಡು ದಾಖಲೆಗಳ ಗುಟ್ಟನ್ನು ಬೇರೆ ಬಿಡಿಸಿ ಹೇಳಬೇಕಿಲ್ಲ.

ಇದಕ್ಕಿಂತ ಬಹಳ ಕತ್ತಲೆಯ ಭಾಗ 1915ರಿಂದ ಆರಂಭವಾಗುತ್ತದೆ. ಮೆಕ್ಸಿಕೊದಲ್ಲಿ ಕ್ರಾಂತಿ ನಡೆಯುತ್ತಿತ್ತು. ಟೆಕ್ಸಾಸ್ ಮುಂತಾದ ರಾಜ್ಯಗಳನ್ನು ಅಮೆರಿಕದಿಂದ ಬಿಡಿಸುವ, ಹದಿನಾರು ದಾಟಿದ ಬಿಳಿಯ ಗಂಡಸರನ್ನು ಕೊಲ್ಲುವ 'ಸಾನ್ ದಿಯೆಗೊ ಯೋಜನೆ' ಎಂಬ ಕಾಗದವೊಂದು ಪತ್ತೆಯಾಯಿತು, ದಾಳಿಗಳೂ ನಡೆದವು, ರೈಲನ್ನು ಉರುಳಿಸಿದರು, ಬಿಳಿಯರು ಸತ್ತರು. ಭಯ ಸುಳ್ಳಾಗಿರಲಿಲ್ಲ. ಅದಕ್ಕೆ ರೇಂಜರ್‌ಗಳೂ ಅವರ ಜೊತೆಗೂಡಿದ ಖಾಸಗಿ ಗುಂಪುಗಳೂ ಕೊಟ್ಟ ಉತ್ತರದಲ್ಲಿ ಸತ್ತವರ ಸಂಖ್ಯೆಯನ್ನು ಇತಿಹಾಸಕಾರರು ಕೆಲವು ನೂರರಿಂದ ಕೆಲವು ಸಾವಿರದವರೆಗೆ ಅಂದಾಜು ಮಾಡುತ್ತಾರೆ. ಲೆಕ್ಕದಲ್ಲಿ ಇಷ್ಟು ಅಂತರ ಇರುವುದೇ ಒಂದು ಸಾಕ್ಷ್ಯ, ಏಕೆಂದರೆ ಎಣಿಸಬೇಕಾದವರೇ ಕೊಂದವರಾಗಿದ್ದರು. 1915ರ ಸೆಪ್ಟೆಂಬರ್‌ನಲ್ಲಿ ಹೆಸೂಸ್ ಬಸಾನ್ ಮತ್ತು ಅವನ ಅಳಿಯ ಆಂತೊನಿಯೊ ಲೊಂಗೊರಿಯಾ ತಮ್ಮ ಕುದುರೆಗಳನ್ನು ದರೋಡೆಕೋರರು ಒಯ್ದರೆಂದು ರೇಂಜರ್‌ಗಳಿಗೆ ದೂರು ಕೊಟ್ಟು ಮನೆಗೆ ಮರಳುತ್ತಿದ್ದರು. ಹಿಂದಿನಿಂದ ಕಾರಿನಲ್ಲಿ ಬಂದ ರೇಂಜರ್ ಕ್ಯಾಪ್ಟನ್ ಮತ್ತು ಅವನ ಜೊತೆಗಾರರು ಇಬ್ಬರನ್ನೂ ಬೆನ್ನಿಗೆ ಗುಂಡಿಟ್ಟು ಕೊಂದರು. ದೂರು ಕೊಡಲು ಹೋದವರು!

1918ರ ಜನವರಿ 28ರ ನಸುಕಿನಲ್ಲಿ ಪ್ರೆಸಿಡಿಯೊ ಕೌಂಟಿಯ ಪೊರ್ವೆನಿರ್ ಎಂಬ ಹಳ್ಳಿಗೆ ರೇಂಜರ್‌ಗಳ 'ಬಿ' ತುಕಡಿಯವರು, ಕೆಲವು ದನದ ಒಡೆಯರು ಮತ್ತು ಸೈನ್ಯದ ಅಶ್ವದಳದವರು ಬಂದರು. ಪೊರ್ವೆನಿರ್ ಎಂದರೆ ಸ್ಪ್ಯಾನಿಷ್‌ನಲ್ಲಿ ಭವಿಷ್ಯ. ಹದಿನೈದು ಜನ ಗಂಡಸರನ್ನೂ ಹುಡುಗರನ್ನೂ ಮನೆಗಳಿಂದ ಎಬ್ಬಿಸಿ, ಊರ ಹೊರಗಿನ ಬಂಡೆಯ ಬಳಿಗೆ ಒಯ್ದು ಕೊಂದರು. ಹದಿನಾರರ ಹುಡುಗನಿಂದ ಎಪ್ಪತ್ತು ದಾಟಿದ ಮುದುಕನವರೆಗೆ ಎಲ್ಲ ವಯಸ್ಸಿನವರೂ ಅವರಲ್ಲಿದ್ದರು. ಉಳಿದವರು ನದಿ ದಾಟಿ ಮೆಕ್ಸಿಕೊಗೆ ಓಡಿಹೋದರು, ಹಳ್ಳಿಯೇ ಇಲ್ಲವಾಯಿತು. ತಮ್ಮ ಮೇಲೆ ಗುಂಡು ಹಾರಿತೆಂದು ತುಕಡಿಯವರು ವರದಿ ಬರೆದರು. ಊರಿನ ಶಾಲಾ ಮಾಸ್ತರ ಹ್ಯಾರಿ ವಾರನ್ ಸತ್ತವರ ಹೆಸರುಗಳನ್ನು ಒಂದೊಂದಾಗಿ ಬರೆದಿಟ್ಟನು. ಆತನ ಮಾವನೂ ಸತ್ತವರಲ್ಲಿ ಒಬ್ಬ. ಅದೇ ಜೂನ್‌ನಲ್ಲಿ ರಾಜ್ಯಪಾಲರು ಆ ತುಕಡಿಯನ್ನು ವಿಸರ್ಜಿಸಿ ಐವರನ್ನು ವಜಾ ಮಾಡಿದರು. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ.

ಆಗ ಶಾಸನಸಭೆಯಲ್ಲಿದ್ದ ಏಕೈಕ ಮೆಕ್ಸಿಕನ್ ಮೂಲದ ಸದಸ್ಯ, ಬ್ರೌನ್ಸ್‌ವಿಲ್‌ನ ಹೋಸೆ ಕನಾಲೆಸ್, 1919ರಲ್ಲಿ ರೇಂಜರ್‌ಗಳ ಮೇಲೆ ಹತ್ತೊಂಬತ್ತು ಆರೋಪಗಳನ್ನು ಹೊರಿಸಿ ವಿಚಾರಣೆ ನಡೆಯುವಂತೆ ಮಾಡಿದರು. ಎರಡು ವಾರ ಸಾಕ್ಷಿಗಳು ಹೇಳಿದ್ದು 1,600 ಪುಟಗಳಾಯಿತು. ಶಾಸನಸಭೆ ಪಡೆಯನ್ನು ಚಿಕ್ಕದು ಮಾಡಿತು, ಆದರೆ ಆ ಪುಟಗಳನ್ನು ಅಚ್ಚು ಹಾಕಿಸಲಿಲ್ಲ. 1970ರ ದಶಕದವರೆಗೆ ಅವು ಜನರ ಕಣ್ಣಿಗೆ ಬೀಳಲಿಲ್ಲ. ಅಷ್ಟರಲ್ಲಿ ರೇಡಿಯೊ, ಸಿನಿಮಾ, ಟಿವಿ ಎಲ್ಲವೂ ರೇಂಜರ್‌ನ ಕಥೆಯನ್ನು ಹೇಳಿ ಮುಗಿಸಿದ್ದವು.

ಉತ್ತರ 3: ನಿವೃತ್ತ ಠಾಣಾಧಿಕಾರಿ

ನಾನು ಕರ್ನಾಟಕದಲ್ಲಿ ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿ ನಿವೃತ್ತನಾದವನು. ಮಗ ಹ್ಯೂಸ್ಟನ್‌ನಲ್ಲಿರುವುದರಿಂದ ಈ ವಿಷಯದಲ್ಲಿ ಆಸಕ್ತಿ ಬಂತು. ರಿಯೊ ದಂಡೆಯ ಮೇಡಂ ಬರೆದದ್ದರಲ್ಲಿ ಒಂದಕ್ಷರವನ್ನೂ ಅಲ್ಲಗಳೆಯುವುದಿಲ್ಲ. ಆದರೆ ಇಲಾಖೆಯ ಒಳಗಿನಿಂದ ನೋಡಿದವನಿಗೆ ಕಾಣುವ ಒಂದು ಸಂಗತಿ ಅವರ ಬರಹದಲ್ಲಿ ಬಿಟ್ಟುಹೋಗಿದೆ. ಕನಾಲೆಸ್ ಪಡೆಯನ್ನು ರದ್ದು ಮಾಡಿ ಎಂದು ಕೇಳಲಿಲ್ಲ. ರೇಂಜರ್‌ಗಳ ಸಂಬಳ ಹೆಚ್ಚಿಸಿ, ಪ್ರತಿಯೊಬ್ಬನಿಂದಲೂ ಜಾಮೀನು ಮುಚ್ಚಳಿಕೆ ಬರೆಸಿಕೊಳ್ಳಿ, ಅನುಭವಸ್ಥರನ್ನೇ ತೆಗೆದುಕೊಳ್ಳಿ ಎಂಬುದು ಅವರ ಮಸೂದೆಯ ತಿರುಳಾಗಿತ್ತು. ಠಾಣೆ ನಡೆಸಿದವರು ಯಾರೇ ಇದನ್ನು ಓದಿದರೂ, ರೋಗ ಗೊತ್ತಿದ್ದವನು ಬರೆದ ಔಷಧ ಎನ್ನುತ್ತಾರೆ. ಮಹಾಯುದ್ಧದ ನೆಪದಲ್ಲಿ ರಾಜ್ಯಪಾಲರು ತಮ್ಮ ಬೆಂಬಲಿಗರಿಗೆಲ್ಲ ರೇಂಜರ್ ಅಧಿಕಾರಪತ್ರ ಹಂಚಿ, ತರಬೇತಿಯಿಲ್ಲದವರ ಕೈಗೆ ಪಿಸ್ತೂಲು ಕೊಟ್ಟದ್ದು ಆ ವರ್ಷಗಳಲ್ಲೇ. 1933ರಲ್ಲಿ ಹೊಸ ರಾಜ್ಯಪಾಲೆ ಮಿರಿಯಂ ಫರ್ಗೂಸನ್, ಚುನಾವಣೆಯಲ್ಲಿ ತಮ್ಮ ಎದುರಾಳಿಯನ್ನು ಬೆಂಬಲಿಸಿದರೆಂದು ಇಡೀ ಪಡೆಯನ್ನೇ ಮನೆಗೆ ಕಳುಹಿಸಿ, ತಮ್ಮವರನ್ನು ತುಂಬಿಕೊಂಡರು. 1935ರಲ್ಲಿ ಸಾರ್ವಜನಿಕ ಸುರಕ್ಷತಾ ಇಲಾಖೆ ಹುಟ್ಟಿ ರೇಂಜರ್‌ಗಳನ್ನು ಅದರ ಕೆಳಗೆ ತಂದ ಮೇಲಷ್ಟೇ ಈ ಪದ್ಧತಿಗೆ ತಡೆ ಬಿತ್ತು.

ಇನ್ನು, ಫ್ರಾಂಕ್ ಹೇಮರ್ ಎಂಬ ರೇಂಜರ್‌ನ ಹೆಸರು ಹೇಳದೆ ಈ ಚರ್ಚೆ ಮುಗಿಯಬಾರದು. 1934ರಲ್ಲಿ ಬಾನಿ ಮತ್ತು ಕ್ಲೈಡ್ ಎಂಬ ದರೋಡೆಕೋರ ಜೋಡಿಯನ್ನು ಲೂಯಿಸಿಯಾನದ ರಸ್ತೆಯಲ್ಲಿ ಹೊಂಚು ಹಾಕಿ ಕೊಂದದ್ದಕ್ಕೆ ಆತ ಪ್ರಸಿದ್ಧ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1928ರ ಕೆಲಸ. ಟೆಕ್ಸಾಸ್ ಬ್ಯಾಂಕರುಗಳ ಸಂಘ, ಬ್ಯಾಂಕು ದೋಚುವವನನ್ನು ಕೊಂದರೆ 5,000 ಡಾಲರ್ ಬಹುಮಾನ, ಜೀವಂತ ಹಿಡಿದರೆ ಒಂದು ಸೆಂಟೂ ಇಲ್ಲ ಎಂದು ಸಾರಿತ್ತು. ಈ ಹಣದ ಆಸೆಗೆ ಕೆಲವರು ಕೆಲಸವಿಲ್ಲದ ಹುಡುಗರನ್ನು ಪುಸಲಾಯಿಸಿ ಬ್ಯಾಂಕಿನ ಬಾಗಿಲಿಗೆ ಕರೆತಂದು, ಅಲ್ಲಿ ಕಾದಿದ್ದು ಗುಂಡಿಟ್ಟು ಕೊಲ್ಲಿಸುತ್ತಿದ್ದರು. ಮೇಲಿನವರು ಕಿವಿಗೊಡದಿದ್ದಾಗ ಹೇಮರ್ ನೇರವಾಗಿ ಪತ್ರಿಕೆಗಳ ಮುಂದೆ ಹೋಗಿ ಇದನ್ನು ಬಯಲು ಮಾಡಿದನು. ಸೇವೆಯಲ್ಲಿದ್ದುಕೊಂಡು ಹಣವಂತರ ಸಂಘವನ್ನು ಹೀಗೆ ಎದುರು ಹಾಕಿಕೊಳ್ಳುವುದು ಏನೆಂದು ನನಗೆ ಗೊತ್ತು. ನನ್ನಿಂದ ಅದು ಆಗಿರಲಿಲ್ಲ.

ಉತ್ತರ 4: ರಿಯೊ ದಂಡೆಯವಳು

ಠಾಣಾಧಿಕಾರಿಗಳೇ, ಹೇಮರ್‌ನ 1928ರ ಧೈರ್ಯಕ್ಕೆ ನನ್ನ ನಮಸ್ಕಾರವೂ ಇದೆ. ಆದರೆ 1918ರ ಡಿಸೆಂಬರ್‌ನಲ್ಲಿ ಬ್ರೌನ್ಸ್‌ವಿಲ್‌ನ ಬೀದಿಯಲ್ಲಿ ಕನಾಲೆಸ್‌ರನ್ನು ತಡೆದು, ರೇಂಜರ್‌ಗಳ ಮೇಲೆ ದೂರು ಹೇಳುತ್ತಾ ಹೋದರೆ ಏಟು ಬೀಳುತ್ತದೆ ಎಂದು ಬೆದರಿಸಿದ ರೇಂಜರ್ ಯಾರೆಂದು ತಾವು ಬಲ್ಲಿರಿ. ಅದೂ ಹೇಮರ್‌ನೇ. ಯಾರ ಅಪ್ಪಣೆಗೂ ಕಾಯದೆ ತನಗೆ ಸರಿ ಕಂಡದ್ದನ್ನು ಮಾಡುವ ಸ್ವಭಾವವೇ ಬ್ಯಾಂಕರುಗಳ ಎದುರು ನಿಂತಿತು, ಅದೇ ಸ್ವಭಾವ ಶಾಸಕನೊಬ್ಬನನ್ನು ಬೀದಿಯಲ್ಲಿ ಅಡ್ಡಗಟ್ಟಿತು. ಹಳೆಯ ಕಡತದವರು ಹೇಳಿದ ಕ್ಯಾಪ್ಟನ್‌ನ ವರ್ಚಸ್ಸು ಎಂದರೆ ಇದೇ ಅಲ್ಲವೇ?

ತಮ್ಮ 1935ರ ಗೆರೆಯೂ ಪೂರ್ತಿ ನಿಲ್ಲುವುದಿಲ್ಲ. 1967ರಲ್ಲಿ ಸ್ಟಾರ್ ಕೌಂಟಿಯ ಕರಬೂಜದ ತೋಟಗಳ ಕೂಲಿಕಾರರು ಮುಷ್ಕರ ಹೂಡಿದಾಗ ಅಲ್ಲೀ ಎಂಬ ಕ್ಯಾಪ್ಟನ್‌ನ ರೇಂಜರ್‌ಗಳು ಅವರನ್ನು ಹೊಡೆದು, ಹಿಡಿದು, ಒಳಗೆ ಹಾಕಿದರು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1974ರಲ್ಲಿ ರೇಂಜರ್‌ಗಳ ವಿರುದ್ಧವಾಗಿ ತೀರ್ಪು ಬಂತು. 1980ರ ದಶಕದಲ್ಲಿ ಹೆನ್ರಿ ಲೀ ಲೂಕಸ್ ಎಂಬ ಕೈದಿ ಕೇಳಿದ ಕೊಲೆಯನ್ನೆಲ್ಲ ತಾನೇ ಮಾಡಿದ್ದೆಂದು ಒಪ್ಪಿಕೊಳ್ಳುತ್ತಾ ಹೋದಾಗ, ರೇಂಜರ್‌ಗಳ ವಿಶೇಷ ತಂಡದ ಮೂಲಕ ಇನ್ನೂರಕ್ಕೂ ಹೆಚ್ಚು ಪ್ರಕರಣಗಳ ಕಡತ ಮುಚ್ಚಿದವು. ಅವುಗಳಲ್ಲಿ ಹಲವು ಕೊಲೆಗಳು ನಡೆದ ದಿನಗಳಂದು ಅವನು ಬೇರೆ ರಾಜ್ಯದಲ್ಲಿದ್ದನೆಂದು ಆಮೇಲೆ ಗೊತ್ತಾಯಿತು. ಹಾಗೆಂದು ಅವರಿಗೆ ತಪ್ಪೊಪ್ಪಿಗೆ ಪಡೆಯುವ ಕಲೆಯೇ ಇಲ್ಲವೆಂದಲ್ಲ. 2018ರಲ್ಲಿ ಸ್ಯಾಮ್ಯುಯೆಲ್ ಲಿಟಲ್ ಎಂಬವನು 93 ಕೊಲೆಗಳನ್ನು ಒಪ್ಪಿಕೊಂಡದ್ದು ಒಬ್ಬ ರೇಂಜರ್‌ನ ತಾಳ್ಮೆಯಿಂದಲೇ, ಮತ್ತು ಆ ಒಪ್ಪಿಗೆಗಳು ನಂಬಲರ್ಹವೆಂದು ಎಫ್‌ಬಿಐ ಹೇಳಿತು.

ಉತ್ತರ 5: ಹಳೆಯ ಕಡತ

ಪ್ರತಿಮೆಯ ಪ್ರಶ್ನೆ ಹಾಗೇ ಉಳಿದಿದೆ. 1961ರಲ್ಲಿ ನಿಲ್ಲಿಸಿದ ಆ ಕಂಚಿನ ರೇಂಜರ್‌ನ ಪೀಠದ ಮೇಲೆ 'ಒಂದು ದೊಂಬಿ, ಒಬ್ಬ ರೇಂಜರ್' ಎಂದು ಕೆತ್ತಿತ್ತು. ಎಂಥ ದೊಂಬಿಗೂ ಒಬ್ಬನೇ ರೇಂಜರ್ ಸಾಕು ಎಂಬ ಹಳೆಯ ಹೆಮ್ಮೆಯ ಮಾತು ಅದು. ಪ್ರತಿಮೆಗೆ ಮಾದರಿಯಾದವನು ಕ್ಯಾಪ್ಟನ್ ಜೇ ಬ್ಯಾಂಕ್ಸ್ ಎಂದು ಹೇಳಲಾಗುತ್ತದೆ. 1956ರಲ್ಲಿ ಮ್ಯಾನ್ಸ್‌ಫೀಲ್ಡ್‌ನ ಪ್ರೌಢಶಾಲೆಗೆ ಕರಿಯ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಕೆಂದು ಫೆಡರಲ್ ನ್ಯಾಯಾಲಯ ಆದೇಶಿಸಿತು. ಬಿಳಿಯರ ಗುಂಪು ಶಾಲೆಯನ್ನು ಸುತ್ತುವರಿದು, ಕರಿಯನ ಬೊಂಬೆ ಮಾಡಿ ನೇಣು ಹಾಕಿತು. ರಾಜ್ಯಪಾಲ ಅಲನ್ ಶಿವರ್ಸ್ ರೇಂಜರ್‌ಗಳನ್ನು ಕಳುಹಿಸಿದರು, ಆದರೆ ಗುಂಪನ್ನು ಚದುರಿಸಲಿಕ್ಕಲ್ಲ. ಯಾರ ಹಾಜರಿಯಿಂದ ಗಲಭೆಯಾಗುವುದೋ ಆ ವಿದ್ಯಾರ್ಥಿಗಳನ್ನೇ ಬೇರೆಡೆಗೆ ವರ್ಗಾಯಿಸಬೇಕೆಂಬುದು ಸೂಚನೆ. ಬ್ಯಾಂಕ್ಸ್ ಮರಕ್ಕೆ ಒರಗಿ ಆರಾಮವಾಗಿ ನಿಂತಿರುವ, ಹಿಂದೆ ಶಾಲೆಯ ಬಾಗಿಲ ಮೇಲೆ ಆ ಬೊಂಬೆ ತೂಗುತ್ತಿರುವ ಛಾಯಾಚಿತ್ರ ಇಂದಿಗೂ ಇದೆ. ದೊಂಬಿಯೂ ಇತ್ತು, ರೇಂಜರ್ ಕೂಡ ಇದ್ದನು. ಆ ಶಾಲೆಗೆ ಕರಿಯ ಮಕ್ಕಳು ಸೇರಿದ್ದು 1965ರಲ್ಲಿ. ಈ ಚಿತ್ರದ ಹಿನ್ನೆಲೆ 2020ರಲ್ಲಿ ಮತ್ತೆ ಚರ್ಚೆಗೆ ಬಂದಾಗ ನಗರಸಭೆಯವರು ಆ ಜೂನ್‌ನಲ್ಲಿ ಪ್ರತಿಮೆಯನ್ನು ತೆಗೆಸಿದರು.

ಪೊರ್ವೆನಿರ್‌ನಲ್ಲಿ ಸತ್ತವರ ನೆನಪಿಗೆ ರಾಜ್ಯದ ಫಲಕ ಬಂದದ್ದು 2018ರಲ್ಲಿ, ಅಂದರೆ ನೂರು ವರ್ಷಕ್ಕೆ. ಅದು ಹಳ್ಳಿಯಿದ್ದ ಜಾಗದಲ್ಲಿಲ್ಲ. ಮೈಲುಗಟ್ಟಲೆ ದೂರದಲ್ಲಿ, ಮಾರ್ಫಾದಿಂದ ಪಶ್ಚಿಮಕ್ಕೆ ಹೋಗುವ 90ನೇ ಹೆದ್ದಾರಿಯ ಬದಿಯಲ್ಲಿದೆ. ಅತ್ತ ಪ್ರವಾಸ ಹೋದರೆ ಕಾರು ನಿಲ್ಲಿಸಿ ಓದಿ.

ಬ್ರಾಜೋಸ್ ದಾರಿಹೋಕ

ಎಲ್ಲರಿಗೂ ಧನ್ಯವಾದಗಳು. ಉತ್ತರಗಳನ್ನು ಇಂಗ್ಲಿಷಿಗೆ ತಿರುಗಿಸುತ್ತಾ ಮಗಳಿಗೆ ಓದಿ ಹೇಳಿದೆ. ವೇಕೊದಿಂದ ತಂದ ಕಿರುಹೊತ್ತಿಗೆಯಲ್ಲಿ ಅವಳು ತಾನೇ ಒಂದು ವಿಷಯ ಕಂಡುಕೊಂಡಿದ್ದಾಳೆ: ಈಗಿನ ರೇಂಜರ್‌ಗಳು ಎದೆಯ ಮೇಲೆ ಧರಿಸುವ ನಕ್ಷತ್ರದ ಬಿಲ್ಲೆಯನ್ನು ಮೆಕ್ಸಿಕೊದ ಐದು ಪೆಸೊ ಬೆಳ್ಳಿ ನಾಣ್ಯದಿಂದ ಕತ್ತರಿಸಿ ಮಾಡುತ್ತಾರೆ. ಅದರಿಂದಲೇ ಪ್ರಬಂಧ ಶುರು ಮಾಡುತ್ತಾಳಂತೆ. ಆ ಹುಡುಗ ತನ್ನ ಅಜ್ಜಿಗೆ ಫೋನು ಮಾಡಿ 'ರಿಂಚೆ' ಪದವನ್ನು ಹೇಗೆ ಬರೆಯಬೇಕೆಂದು ಕೇಳಿಕೊಂಡು ಬಂದಿದ್ದಾನೆ.

ಶಿಕ್ಷಕಿ ಎರಡೇ ಪುಟ ಎಂದು ಕಟ್ಟುನಿಟ್ಟಾಗಿ ಹೇಳಿರುವುದರಿಂದ ಬಹಳಷ್ಟನ್ನು ಬಿಡಬೇಕಾಗಿದೆ. ಹೇಮರ್‌ನ 1918ನ್ನೂ 1928ನ್ನೂ ಬೇರೆ ಬೇರೆ ಪ್ಯಾರಾಗಳಲ್ಲಿ ಇಡು, ಓದುವವರಿಗೆ ಸುಲಭ ಎಂದು ನಿನ್ನೆ ರಾತ್ರಿ ನಾನು ಹೇಳಿದೆ. ಅವಳು ಒಪ್ಪಲಿಲ್ಲ, ಒಬ್ಬನೇ ಮನುಷ್ಯ ತಾನೆ ಎಂದು ಒಂದೇ ಪ್ಯಾರಾದಲ್ಲಿ ಬರೆದಿದ್ದಾಳೆ.